‘ಕ’ ಗುರುತಿನ ಗೇರ್‌ಬಾಕ್ಸ್

ಕೊರೊನಾ ಕಳೆದ ಎರಡನೆಯ ವರ್ಷ. ಆಗ ನಾನು ಗೋಕಾಕದಿಂದ ಘಟಪ್ರಭಾಕ್ಕೆ ಹೋಗುವ ರಸ್ತೆಯ ಬಾಜೂಕ್ಕೆ ಹಳೆಯ ಗಾಡಿ ಬಿಚ್ಚುವ ಗುಜರಿ ಅಂಗಡಿ ನಡೆಸುತ್ತಿದ್ದೆ. ಈಗಲೂ ನಡೆಸುತ್ತೇನೆ, ಆದರೆ ಕುರ್ಚಿಯ ಮೇಲೆ ಕೂತು. ಗಂಡ ಹಾಕಿದ ಅಂಗಡಿ. ಅವನು ಸತ್ತಾಗ ನಾನು ಬಾಗಿಲು ಮುಚ್ಚುತ್ತೇನೆಂದು ಊರೆಲ್ಲ ತಿಳಿದಿತ್ತು. ಮುಚ್ಚಿದ್ದರೆ ಊರು ನನಗೆ ರೊಟ್ಟಿ ಹಾಕುತ್ತಿತ್ತೇ? ನಾನು ಓದಿದ್ದು ಮೂರನೆಯ ಇಯತ್ತೆ. ಗಾಡಿಯ ಹೊಟ್ಟೆಯೊಳಗೆ ಏನಿರುತ್ತದೆ ಎಂಬುದನ್ನು ಬಿಚ್ಚಿ ಬಿಚ್ಚಿ ಕಲಿತೆ. ಜೊತೆಗೆ ದಸ್ತಗೀರ ಎಂಬ ಫಿಟರ್ ಇದ್ದಾನೆ. ನನ್ನ ಗಂಡನ ಕೈಯಲ್ಲಿ ಪಳಗಿದವನು, ಈಗ ಅವನಿಗೂ ಮೊಣಕಾಲು ನೋವು. ನನ್ನ ಹೆಸರು ನೀಲವ್ವ, ಆದರೆ ಅಂಗಡಿಗೆ ಬರುವವರೆಲ್ಲ ಆಯಿ, ಅಂದರೆ ಅಜ್ಜಿ, ಎಂದೇ ಕರೆಯುತ್ತಾರೆ. ನನ್ನ ಖರೆ ಮೊಮ್ಮಕ್ಕಳಿಗೆ ಮಾತ್ರ ಅಂಗಡಿ ಬೇಡ, ಕೈ ಹೊಲಸಾಗುತ್ತದಂತೆ.

ಗುಜರಿ ಎಂದರೆ ಕಬ್ಬಿಣ ತೂಗಿ ಮಾರುವ ಕೆಲಸ ಎಂದು ಜನರ ತಿಳಿವಳಿಕೆ. ನಮ್ಮದು ಅದಲ್ಲ. ಅಪಘಾತವಾದ, ಓಡಿ ಓಡಿ ಸವೆದ ಪಿಕಪ್ಪುಗಳನ್ನು ಕೊಂಡು ಬಿಚ್ಚಿ, ಒಳಗೆ ಇನ್ನೂ ಜೀವವಿರುವ ಭಾಗಗಳನ್ನು ಬೇರೆ ಗಾಡಿಗಳಿಗೆ ಕೊಡುವುದು. ಇದರಲ್ಲಿ ಒಂದು ಮೋಸ ನಡೆಯುತ್ತದೆ. ಗಿರಾಕಿ ನಮ್ಮಿಂದ ಒಳ್ಳೆಯ ಗೇರ್‌ಬಾಕ್ಸ್ ಒಯ್ದು, ನಾಲ್ಕು ದಿನ ಬಿಟ್ಟು ತನ್ನ ಮನೆಯ ಹಳೆಯದನ್ನೇ ತಂದು, “ಆಯಿ, ನಿನ್ನ ಮಾಲು ಕೆಟ್ಟೈತಿ” ಎಂದು ಜಗಳ ತೆಗೆಯುತ್ತಾನೆ. ಅದಕ್ಕಾಗಿ ನನ್ನ ಗಂಡ ಒಂದು ಪದ್ಧತಿ ಹಾಕಿದ್ದ. ಬಿಚ್ಚಿದ ಪ್ರತಿ ದೊಡ್ಡ ಭಾಗದ ಮೇಲೆ, ಸುಲಭಕ್ಕೆ ಕಣ್ಣಿಗೆ ಬೀಳದ ಕಡೆ, ಉಕ್ಕಿನ ಪಂಚ್ ಇಟ್ಟು ಸುತ್ತಿಗೆಯಿಂದ ಚುಕ್ಕಿಗಳನ್ನು ಹೊಡೆಯುವುದು. ಒಂದೊಂದು ಗಾಡಿಗೆ ಒಂದೊಂದು ಗುರುತು. ಗುರುತಿದ್ದರೆ ನಮ್ಮದು, ಇಲ್ಲದಿದ್ದರೆ ಹಾದಿ ಹಿಡಿ. ಈ ಚುಕ್ಕಿಗಳ ಸಲುವಾಗಿಯೇ ಮುಂದಿನ ಕಥೆ ಹೇಳಬೇಕಾಗಿದೆ.

ಆ ಚಳಿಗಾಲದಲ್ಲಿ ಒಬ್ಬ ಹೆಣ್ಣುಮಗಳು ತನ್ನ ತಮ್ಮನನ್ನು ಕರೆದುಕೊಂಡು ಬಂದಳು. ಹೆಸರು ಕಸ್ತೂರಿ. ಹುಕ್ಕೇರಿ ತಾಲೂಕಿನ ಒಂದು ಹಳ್ಳಿಗೆ ಕೊಟ್ಟಿದ್ದರು. ಗಂಡ ಕಾಮಾಲೆಯಾಗಿ ತೀರಿಕೊಂಡಿದ್ದ. ಸಾಲಿಗೆ ಹೋಗುವ ಒಬ್ಬಳು ಮಗಳು. ತಮ್ಮ ಮಲ್ಲಪ್ಪ ಮೂಡಲಗಿಯವನು, ಬಡಿಗೆ ಊರಿಕೊಂಡು ಕುಂಟುತ್ತಿದ್ದ.

“ಆಯಿ, ನಿಂತ ಗಾಡಿ ಎಬ್ಬಿಸಿ ಕೊಡ್ತೀರಿ ಅಂತ ಕೇಳೇನ್ರಿ,” ಎಂದಳು ಕಸ್ತೂರಿ.

“ಎಬ್ಬಸಾಂವ ದೇವರು. ನಾವು ಬರೇ ಬೋಲ್ಟ್ ತಿರುವೋ ಮಂದಿ. ಏನಾಗೇತಿ ಗಾಡಿಗೆ?”

“ಏನಾಗಿಲ್ಲ ಅಂತ ಕೇಳ್ರಿ, ಲಗೂ ಮುಗೀತೈತಿ,” ಎಂದ ಮಲ್ಲಪ್ಪ.

“ಗಾಡಿ ಹೊಡ್ಯಾವ್ರು ಯಾರು? ಈ ಕಾಲು ತಗೊಂಡು ನೀನೇನು?”

“ನಾನಽ ರಿ,” ಎಂದಳು ಕಸ್ತೂರಿ. ಕುಪ್ಪಸದೊಳಗಿನ ಪಾಕೀಟು ತೆಗೆದು ಲೈಸೆನ್ಸ್ ತೋರಿಸಿದಳು. ಗಂಡ ಇದ್ದಾಗ ಕಬ್ಬಿನ ಹಂಗಾಮಿನಲ್ಲಿ ಅವನ ಬಾಜೂಕ್ಕೆ ಕೂತು ಕಲಿತದ್ದಂತೆ. ಹಳ್ಳಿಗಳಿಂದ ಕಾಯಿಪಲ್ಲೆ ತುಂಬಿಕೊಂಡು ಸಂಕೇಶ್ವರದ ಮಾರ್ಕೆಟ್ಟಿಗೆ ಮುಟ್ಟಿಸಬೇಕು, ಅದರ ಮೇಲೆ ತಾನೂ ಮಗಳೂ ಬದುಕಬೇಕು. ಅವಳಿಗೆ ಬೇಕಾದದ್ದು ಅಷ್ಟೇ. ಮಂದಿ ಹೊಲಕ್ಕೆ ಕೂಲಿಗೆ ಹೋಗಿ ಸಂಜೆ ಮಾವನ ಮುಂದೆ ಕೈ ಒಡ್ಡುವುದು ಸಾಕಾಗಿತ್ತು.

ನಾನೂ ದಸ್ತಗೀರನೂ ಹೋಗಿ ನೋಡಿ ಬಂದೆವು. ಪಿಕಪ್ಪು ಮಾವನ ಮನೆಯ ಬೇವಿನ ಮರದ ಕೆಳಗೆ ನಿಂತಲ್ಲೇ ನಿಂತಿತ್ತು. ಡ್ರೈವರ್ ಸೀಟಿನ ಮೇಲೆ ಕೋಳಿ ಕಾವಿಗೆ ಕೂತಿತ್ತು. ನಾವು ಬಾಗಿಲು ತೆಗೆದರೆ ನಮ್ಮ ಮೇಲೆಯೇ ಸಿಟ್ಟಿಗೆದ್ದಿತು. ಇಲಿಗಳು ವಾಯರು ತಿಂದಿದ್ದವು. ಡೀಸೆಲ್ ಪಂಪು ಜಾಮ್, ರೇಡಿಯೇಟರ್ ತೂತುಬಿದ್ದು ಜಾಳಿಗೆ, ಗೇರ್‌ಬಾಕ್ಸಿನ ಹಲ್ಲು ಹೋಗಿದ್ದವು. ಹಿಂದಿನ ಗಾಲಿಗಳನ್ನು ತಿರುಗಿಸುವ ಹಲ್ಲಿನ ಗಾಲಿ, ನಾವು ಕ್ರೌನ್ ಅನ್ನುತ್ತೇವೆ, ಅದೂ ಸವೆದಿತ್ತು. ಆದರೆ ಚಾಸಿ ಗಟ್ಟಿ ಇತ್ತು. ಚಾಸಿ ಎಂದರೆ ಗಾಡಿಯ ಬೆನ್ನೆಲುಬು. ಸರಕಾರದ ಕಣ್ಣಿಗೆ ಗಾಡಿ ಎಂದರೆ ಅದೇ. ನಂಬರು ಇರುವುದು ಅದರ ಮೇಲೆ ಮತ್ತು ಎಂಜಿನ್ ಬ್ಲಾಕಿನ ಮೇಲೆ. ಉಳಿದದ್ದನ್ನೆಲ್ಲ ಬದಲಿಸಿದರೂ ಕಾಗದದಲ್ಲಿ ಅದು ಅದೇ ಗಾಡಿ.

ಹಾಗಾಗಿ ನಾನು ಮೊದಲು ಕೇಳಿದ್ದು ಕಾಗದ. ಆರ್‌ಸಿ, ಅಂದರೆ ಮಾಲಕರ ಹೆಸರಿರುವ ಕಾಗದ, ಮಾವ ಬಸಲಿಂಗಪ್ಪನ ಹೆಸರಿನಲ್ಲಿತ್ತು. ಮಗ ದುಡಿದು ಕೊಂಡಿದ್ದರೂ ಹಿರಿಯರ ಹೆಸರಿನಲ್ಲಿ ಮಾಡಿಸುವುದು ನಮ್ಮ ಕಡೆಯ ಮರ್ಯಾದೆ.

“ಮೊದಲ ಹೆಸರು ಬದಲಿ ಮಾಡ್ಸು, ಆಮ್ಯಾಲ ಬೋಲ್ಟಿಗೆ ಪಾನಾ ಹಚ್ಚತೇನಿ,” ಎಂದೆ.

“ನಮ್ಮ ಮಾವಾರು ಅಂಥಾವ್ರಲ್ರಿ ಆಯಿ,” ಎಂದಳು.

ಬಸಲಿಂಗಪ್ಪ ಅಲ್ಲಿಯೇ ಕಟ್ಟೆಯ ಮೇಲೆ ಕೂತಿದ್ದ. ಮೆತ್ತನೆಯ ಮನುಷ್ಯ. ವಿಭೂತಿ ಹಚ್ಚಿದ ಹಣೆ, ಸಣ್ಣ ದನಿ. “ನೀಲವ್ವಾರ, ನಿಂತದ್ದನ್ನ ಎಬ್ಬಿಸಿದ್ರ ಅಕಿದಽ ಅದು. ಈ ತಗಡ ತಗೊಂಡು ನಾ ಏನ್ ಮಾಡ್ಲಿ? ಕೋಳಿ ಸಾಕ್ಲೇನು?” ಎಂದ. ಅವನ ಕಿರಿಯ ಮಗ ಈರಣ್ಣ ಮೊಬೈಲಿನಿಂದ ತಲೆ ಎತ್ತದೆ, “ತತ್ತಿ ಮಾತ್ರ ನಮಗ ಬಿಡ್ರಿ ವೈನಿ,” ಎಂದು ಅತ್ತಿಗೆಗೆ ಚಾಷ್ಟಿ ಮಾಡಿದ. ಎಲ್ಲರೂ ನಕ್ಕರು. ಹಿರಿಯ ಮನುಷ್ಯ ಬಾಯಿ ಬಿಟ್ಟು ಹೇಳಿದ ಮೇಲೆ ನಾನು ಇನ್ನೇನು ಕೇಳಲಿ?

ಬಿಡಿಭಾಗ ಎಲ್ಲಿಂದ? ಅದೇ ಮಾದರಿಯ ಪಿಕಪ್ಪು ಮಲ್ಲಪ್ಪನ ಹತ್ತಿರವೂ ಇತ್ತು. ಹಿಂದಿನ ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರಿನ ಟ್ರಾಲಿ ಬಂದು ಬಡಿದು, ಅವನ ಕಾಲೂ ಗಾಡಿಯ ಚಾಸಿಯೂ ಒಟ್ಟಿಗೇ ಮುರಿದಿದ್ದವು. ಕಾಲನ್ನು ಕೂಡಿಸಿದ್ದರು. ಚಾಸಿ ಕೂಡುವಂತಿರಲಿಲ್ಲ. ಆದರೆ ಒಳಗಿನ ಸಾಮಾನು ಬಹುತೇಕ ಹೊಸದು. “ಅಕ್ಕನ ಮದುವ್ಯಾಗ ಅಪ್ಪಗ ಏನೂ ಕೊಡಾಕ ಆಗಲಿಲ್ರಿ. ನಾಕು ಭಾಂಡೆ ಪಾತ್ರೆ ಕೊಟ್ಟು ಕಳಿಸಿದ್ವಿ. ಈಗ ನಾ ಇದನ್ನ ಕೊಡ್ತೇನಿ,” ಎಂದ. ಆ ಗಾಡಿಯ ಕಾಗದ ರದ್ದು ಮಾಡಿಸಿ ಮೂಡಲಗಿಯಿಂದ ಎಳೆದು ನನ್ನ ಅಂಗಡಿಗೆ ತಂದೆವು; ಬೇವಿನ ಮರದ ಕೆಳಗಿನದನ್ನೂ ಎಳೆದು ತಂದು ಅದರ ಬಾಜೂಕ್ಕೆ ನಿಲ್ಲಿಸಿದೆವು.

ಬಿಚ್ಚಿದ ದಿನ ಅಕ್ಕ-ತಮ್ಮ ಇಬ್ಬರೂ ಬಂದಿದ್ದರು. ನಾನು ಪಂಚ್ ಹಿಡಿದು ಗುರುತು ಹೊಡೆಯಲು ಕೂತಾಗ ಮಲ್ಲಪ್ಪ ನಗುತ್ತ, “ಆಯಿ, ತವರಮನಿ ಭಾಂಡೆದ ಮ್ಯಾಲ ಹೆಸರು ಹಾಕಸ್ತಾರಲ್ಲ, ಹಂಗಽ ಇದಕ್ಕೂ ಅಕ್ಕನ ಹೆಸರು ಹಾಕಿಬಿಡ್ರಿ,” ಎಂದ.

“ಪೂರ್ತಿ ಹೆಸರ ಹೊಡ್ಯಾಕ ನಾ ಏನ ಮಾಸ್ತರನ? ಒಂದಕ್ಷರ ಸಾಕು.”

ಚುಕ್ಕಿ ಚುಕ್ಕಿ ಕೂಡಿಸಿ ‘ಕ’ ಎಂದು ಹೊಡೆದೆ. ಗೇರ್‌ಬಾಕ್ಸ್, ಕ್ರೌನಿನ ಗೂಡು, ಡೀಸೆಲ್ ಪಂಪು, ಎಂಜಿನ್ನಿನ ಹೆಡ್ಡು, ಸೆಲ್ಫು, ರೇಡಿಯೇಟರಿನ ಚೌಕಟ್ಟು, ಎಲ್ಲದರ ಮೇಲೂ. ಕಸ್ತೂರಿ ಪಕ್ಕದಲ್ಲಿ ಕೂತು ಒಂದೊಂದನ್ನೂ ಡೀಸೆಲ್ಲಿನಲ್ಲಿ ತೊಳೆದು ಕೊಟ್ಟಳು. ಮದುವೆಯ ಮುಂಚೆ ಭಾಂಡೆ ಬೆಳಗುವ ಹುಡುಗಿಯ ಹಾಗೆಯೇ ಕಂಡಳು; ಹುಣಸೆಹಣ್ಣಿನ ಬದಲು ಡೀಸೆಲ್ಲು, ಅಷ್ಟೇ ಫರಕು.

ಕೆಲಸ ಯುಗಾದಿಯವರೆಗೆ ಹಿಡಿಯಿತು. ಬ್ಲಾಕನ್ನು ಮಾತ್ರ ಮುಟ್ಟಲಿಲ್ಲ, ಏಕೆಂದರೆ ನಂಬರಿದ್ದದ್ದು ಅದರ ಮೇಲೆ. ಹಳೆಯ ಬ್ಲಾಕಿಗೆ ತಮ್ಮನ ಗಾಡಿಯ ಹೆಡ್ಡು ಕೂರಿಸುವುದು ಮಾತಾಡಿದಷ್ಟು ಸುಲಭವಲ್ಲ. ಎರಡು ಸಲ ಎಣ್ಣೆ ಸೋರಿತು. ದಸ್ತಗೀರ ಎರಡು ಸಲವೂ ಬೈದುಕೊಂಡೇ ಬಿಚ್ಚಿ ಹಾಕಿದ. ಕೊನೆಗೆ ಒಂದು ಮುಂಜಾನೆ ಕಸ್ತೂರಿ ಕೀಲಿ ತಿರುಗಿಸಿದಾಗ, ಗಾಡಿ ಕೆಮ್ಮಿ, ಕರಿ ಹೊಗೆ ಕಾರಿ, ಚಾಲೂ ಆಯಿತು. ಅವಳು ಅಳಲಿಲ್ಲ, ನಗಲಿಲ್ಲ. “ಮೂರನೇ ಗೇರು ಸ್ವಲ್ಪ ಬಿಗಿ ಐತ್ರಿ,” ಎಂದಳು. “ಕ್ಲಚ್ ಪೂರಾ ಒತ್ತು, ಒಂದ ಉಸುರು ತಡಿ, ಆಮ್ಯಾಲ ಹಾಕು,” ಎಂದ ದಸ್ತಗೀರ. ಅದು ಆ ಗೇರ್‌ಬಾಕ್ಸಿನ ಹುಟ್ಟುಗುಣ. ಮಲ್ಲಪ್ಪನ ಗಾಡಿಯಲ್ಲಿದ್ದಾಗಲೂ ಹಾಗೆಯೇ ಇತ್ತಂತೆ.

ಇನ್ನು ಪಾಸಿಂಗ್. ಗಾಡಿ ರಸ್ತೆಗೆ ಯೋಗ್ಯ ಎಂದು ಆರ್‌ಟಿಓ ಆಫೀಸಿನವರು ನೋಡಿ ಬರೆದುಕೊಡುವುದು. ಅದಕ್ಕೆ ಮಾಲಕರ ಸಹಿ ಬೇಕು. ಬಸಲಿಂಗಪ್ಪ ಹುಕ್ಕೇರಿಯಿಂದ ಬಸ್ಸು ಹಿಡಿದು ಬಂದು ಸಹಿ ಮಾಡಿದ. ಪಾಸಾದ ಮೇಲೆ ಗಾಡಿಯೊಳಗೆ ಕೂತು, ಸೀಟಿನ ರೆಕ್ಸಿನ್ ಸವರಿ, ಬಾಗಿಲು ತೆಗೆದು ಹಾಕಿ ನೋಡಿ, “ಹೊಸಾದ್ರಂಗಽ ಆತಲ್ಲ!” ಎಂದ. ಹೆಸರು ಬದಲಿಯ ಮಾತನ್ನು ನಾನು ಮತ್ತೆ ತೆಗೆದೆ. “ಆತ್ರಿ, ಮಳಿಗಾಲ ಮುಗೀಲಿ,” ಎಂದ. ಇಲ್ಲ ಎನ್ನಲಿಲ್ಲ. ಇಲ್ಲ ಎನ್ನುವ ಜನರ ಜೊತೆ ಜಗಳವಾದರೂ ಮಾಡಬಹುದು.

ಕಸ್ತೂರಿ ಗಾಡಿ ಹೊಡೆದಳು. ಬದನೆ, ಮೆಣಸಿನಕಾಯಿ, ಟೊಮೆಟೊ. ಮಾರ್ಕೆಟ್ಟಿನ ಹಮಾಲರು ಮೊದಮೊದಲು, “ಏ ಡ್ರೈವರವ್ವಾ, ರಿವರ್ಸ್ ಬರ್ತೈತೇನ?” ಎಂದು ಕೂಗುತ್ತಿದ್ದರಂತೆ. “ಸರದ ನಿಲ್ಲೋ, ಕಾಲಮ್ಯಾಲ ಹೋದ್ರ ನಿನ್ನ ಹೇಂತಿ ನನ್ನ ಬೈತಾಳ,” ಎಂದು ಇವಳು. ಆಮೇಲೆ ಅವರೇ ಜಾಗ ಹಿಡಿದು ಇಡತೊಡಗಿದರು. ಎಣ್ಣೆ ಬದಲಿಸಲು ನನ್ನಲ್ಲಿಗೆ ಬಂದಾಗ ಮಗಳಿಗೆ ಹೊಸ ಸೈಕಲ್ಲು ಕೊಡಿಸಿದ್ದನ್ನು ಹೇಳಿದಳು. ಅವಳ ಬಾಯಿಂದ ನಾನು ಕೇಳಿದ ದೊಡ್ಡ ಸುದ್ದಿ ಅದೊಂದೇ.

ಅಷ್ಟರಲ್ಲಿ ಈರಣ್ಣನಿಗೆ ಕನ್ಯೆ ನೋಡತೊಡಗಿದ್ದರು. ಹೊಲವಿಲ್ಲ, ನೌಕರಿಯಿಲ್ಲ. ಬೀಗರಾಗುವವರು, “ಹುಡುಗಗ ಏನೈತಿ?” ಎಂದು ಕೇಳಿದರೆ ಏನು ಹೇಳಬೇಕು? ಯಾರೋ ಒಬ್ಬರು, “ಸ್ವಂತ ಪಿಕಪ್ಪ ಐತ್ರಿ,” ಎಂದುಬಿಟ್ಟರು. ಕನ್ಯೆಯ ಕಡೆಯವರು ಬಂದು ನೋಡಿಯೂ ಹೋದರು. ಬಸಲಿಂಗಪ್ಪ ಸುಮ್ಮನಿದ್ದ. ಸುಮ್ಮನಿರುವುದರಲ್ಲಿ ಅವನನ್ನು ಮೀರಿಸುವವರಿಲ್ಲ.

ದಸರೆ ಬಂತು. ನಮ್ಮ ಕಡೆ ಖಂಡೆ ಪೂಜೆಯ ದಿನ ಕುಡಗೋಲು, ಕೊಡ್ಲಿ, ಪಾನಾ, ಗಾಡಿಯ ಕೀಲಿ, ಕೈಗೆ ಅನ್ನ ಕೊಡುವ ಎಲ್ಲವನ್ನೂ ದೇವರ ಜಗಲಿಯ ಮೇಲೆ ಇಡುತ್ತಾರೆ. ಮರುದಿನ ಬನ್ನಿ ಮುಡಿಯುವವರೆಗೆ ಮುಟ್ಟುವುದಿಲ್ಲ. ಕಸ್ತೂರಿ ಕೀಲಿಯನ್ನು ತೊಳೆದು, ಅರಿಶಿನ ಹಚ್ಚಿ, ತಾನೇ ಜಗಲಿಯ ಮೇಲೆ ಇಟ್ಟಳು. ಗಂಡ ಸತ್ತವಳು ಗಾಡಿಗೆ ಪೂಜೆ ಮಾಡಬಾರದು ಎಂದು ಮನೆಯಲ್ಲಿ ಅಂದರು. ಕಾಯಿ ಒಡೆದವನು ಈರಣ್ಣ. ಮರುದಿನ ಬನ್ನಿ ತಂದು ಅತ್ತಿಗೆಯ ಕೈಗೆ ಎಲೆ ಕೊಟ್ಟು ಕಾಲು ಮುಟ್ಟಿದ. “ಬಂಗಾರ ತಗೋರಿ ವೈನಿ, ಬಂಗಾರದಂಗ ಇರೂಣು,” ಎಂದ. ಕೀಲಿ ಆಗಲೇ ಅವನ ಅಂಗಿಯ ಕಿಸೆಯಲ್ಲಿತ್ತು. ಜಗಲಿಯ ಮೇಲೆ ಅರಿಶಿನದ ಗುರುತು ಮಾತ್ರ ಉಳಿದಿತ್ತು.

“ಕೊಡಪಾ, ನಾಳೆ ಲೋಡ್ ಐತಿ,” ಎಂದು ಕಸ್ತೂರಿ ಕೇಳಿದರೆ, “ನಾ ಹೋಗ್ತೇನಿ ಬಿಡ್ರಿ. ನೀವೆಷ್ಟಂತ ದಣೀತೀರಿ?” ಎಂದನಂತೆ. ಒಂದು ವಾರ ಕೇಳಿದಳು. ಎರಡನೆಯ ವಾರ ಹಿರಿಯರನ್ನು ಕೂಡಿಸಿದಳು. ಸಾಕ್ಷಿಗೆ ಎಂದು ನನ್ನನ್ನೂ ದಸ್ತಗೀರನನ್ನೂ ಕರೆಸಿದಳು.

ಬಸಲಿಂಗಪ್ಪನ ಕಟ್ಟೆಯ ಮೇಲೆ ಊರಿನ ಹಿರಿಯ ಶಿವಪುತ್ರಪ್ಪ, ಅವನ ಜೊತೆ ಇನ್ನಿಬ್ಬರು. ಕಾಗದ ನೋಡಿದರು. “ಹೆಸರು ಬಸಲಿಂಗಪ್ಪಂದು. ಗಾಡಿ ಅವಂದು. ಇದರಾಗ ಮಾತಾಡೂದೇನೈತಿ?” ಎಂದ ಶಿವಪುತ್ರಪ್ಪ. ಎಬ್ಬಿಸಿದರೆ ಅಕಿದೇ ಎಂದು ಹೇಳಿದ್ದನ್ನು ನಾನು ನೆನಪಿಸಿದೆ. ಎಲ್ಲರೂ ಬಸಲಿಂಗಪ್ಪನನ್ನು ನೋಡಿದರು. “ಹೊಡಕೊಂಡು ತಿನ್ಲಿ ಅಂದಿದ್ದೆ. ಬರದು ಕೊಡ್ತೇನಿ ಅಂದಿದ್ದಿಲ್ಲ,” ಎಂದ, ಅದೇ ಮೆತ್ತನೆಯ ದನಿಯಲ್ಲಿ.

“ಹಂಗಾದ್ರ ನಾ ಬ್ಯಾರೆ ಇರ್ತೇನ್ರಿ,” ಎಂದಳು ಕಸ್ತೂರಿ. “ನನ್ನ ತವರಮನಿದು ನನಗ ಕೊಟ್ಟಬಿಡ್ರಿ.”

ಅದಕ್ಕೆ ಯಾರ ತಕರಾರೂ ಇರಲಿಲ್ಲ. ಅದು ನಮ್ಮಲ್ಲಿ ಹಿಂದಿನಿಂದ ಬಂದದ್ದು: ತವರಿನಿಂದ ಬಂದ ಭಾಂಡೆ ಹೆಣ್ಣುಮಗಳವೇ. ಕೊಡ, ಪರಾತ, ತಂಬಿಗೆಗಳನ್ನು ಹೊರಗೆ ತಂದಿಟ್ಟರು. ಶಿವಪುತ್ರಪ್ಪ ಒಂದೊಂದನ್ನೂ ತಿರುಗಿಸಿ ಹೆಸರು ಓದಿ, “ಹೆಸರಿದ್ದದ್ದೆಲ್ಲಾ ಅಕಿದು. ತಗೊಂಡು ಹೋಗಲಿ,” ಎಂದು ಎಲ್ಲರ ಎದುರು ಹೇಳಿದ.

“ಇನ್ನೂ ಅದಾವ್ರಿ,” ಎಂದು ಕಸ್ತೂರಿ ಎದ್ದು ಗಾಡಿಯ ಕಡೆ ಕೈ ತೋರಿಸಿದಳು. “ಅದರಾಗೂ ನನ್ನ ಹೆಸರೈತಿ.”

ಈರಣ್ಣ ಜೋರಾಗಿ ನಕ್ಕ. “ಏನ್ ವೈನಿ, ಗೇರ್‌ಬಾಕ್ಸಿನ್ಯಾಗ ಅನ್ನಾ ಮಾಡಾವ್ರೇನು?”

“ಮಾಡೇನಲ್ಲೋ ತಮ್ಮಾ. ಯುಗಾದಿಯಿಂದ ನೀ ಉಂಡದ್ದು ಅದಽ.”

ಶಿವಪುತ್ರಪ್ಪನಿಗೆ ಬಾಯಿಯಿಂದ ಬಿದ್ದ ಮಾತು ನುಂಗಲಾಗಲಿಲ್ಲ. ಧೋತರ ಎತ್ತಿ ಕಟ್ಟಿಕೊಂಡು, ನೆಲಕ್ಕೆ ಗೋಣಿಚೀಲ ಹಾಸಿ ಗಾಡಿಯ ಕೆಳಗೆ ಮಲಗಿದ. ದಸ್ತಗೀರ ಎಣ್ಣೆ ಒರೆಸಿ ಒಂದೊಂದೇ ‘ಕ’ ತೋರಿಸಿದ. ಶಿವಪುತ್ರಪ್ಪ ಹೊರಗೆ ಬಂದು ಮೈ ಜಾಡಿಸಿಕೊಂಡು, “ಐತಿ,” ಎಂದ.

“ಕೀಲಿ ಕೊಟ್ಟು ಬಿಡ್ರಪಾ, ಗಾಡಿನಽ ಅಕಿ ಒಯ್ಲಿ,” ಎಂದು ಹಿರಿಯರಲ್ಲಿ ಒಬ್ಬ ಮೆಲ್ಲಗೆ ಹೇಳಿ ನೋಡಿದ. ಈರಣ್ಣನ ಮುಖ ಬಿಗಿಯಿತು. ಬಸಲಿಂಗಪ್ಪ ನೆಲ ನೋಡಿದ. ಮುಂದಿನ ವಾರ ಈರಣ್ಣನ ನಿಶ್ಚಯವಿತ್ತು; ಓಡದಿದ್ದರೂ ಗಾಡಿ ಬಾಗಿಲ ಮುಂದೆ ನಿಂತಿರಬೇಕಿತ್ತು.

ಬಿಚ್ಚಿದೆವು. ಬೇವಿನ ಮರದ ಕೆಳಗೇ, ಸಂಜೆಯವರೆಗೆ. ನಾನು ಗಾಡಿ ಬಿಚ್ಚುವುದರಲ್ಲಿಯೇ ಮುದುಕಿಯಾದವಳು; ಆದರೆ ನಾವೇ ಕೂಡಿಸಿದ, ಚೆನ್ನಾಗಿ ಓಡುವ ಗಾಡಿಯನ್ನು ಬಿಚ್ಚಿದ್ದು ಅದೊಂದೇ ಸಲ. ಎರಡು ಸಲ ಸೋರಿ ಮೂರನೆಯ ಸಲ ಕೂತಿದ್ದ ಹೆಡ್ಡನ್ನು ಎತ್ತುವಾಗ ದಸ್ತಗೀರ ಬೈಯಲೂ ಇಲ್ಲ. ಬಸಲಿಂಗಪ್ಪ ನಡುವೆ ನಮಗೆ ಚಹಾ ತಂದುಕೊಟ್ಟ, ಸಕ್ಕರೆ ಸಾಕೇ ಎಂದೂ ಕೇಳಿದ. ನನಗೆ ಸಿಟ್ಟು ಬಂದದ್ದು ಆಗ.

ಎಲ್ಲ ಮುಗಿದು ಸಾಮಾನು ಟ್ರ್ಯಾಕ್ಟರಿಗೆ ಏರಿಸುವಾಗ ಅವನು ಖಾಲಿ ಗಾಡಿಯ ಮುಂದೆ ನಿಂತು, “ಹೊಂಟ ಗಾಡಿ ಕೊಂದಬಿಟ್ಟೆಲ್ಲ ಯವ್ವಾ,” ಎಂದ.

“ಮೊದಲಽ ಸತ್ತಿತ್ತಲ್ರಿ ಮಾವಾರ. ನಿಮ್ಮದು ಹೆಂಗಿತ್ತೋ ಹಂಗಽ ಕೊಟ್ಟು ಹೊಂಟೇನಿ. ಕೋಳೀನೂ ಕೂಡಸ್ರಿ.”

ಕಥೆ ಇಲ್ಲಿಗೆ ನಿಂತಿದ್ದರೆ ಕೇಳುವವರಿಗೆ ಛಲೋ ಅನ್ನಿಸುತ್ತಿತ್ತು. ನಿಲ್ಲಲಿಲ್ಲ. ‘ಕ’ ಸಾಮಾನು ನನ್ನ ಅಂಗಡಿಯ ಮೂಲೆಯಲ್ಲಿ ತಾಡಪಾಲು ಹೊದ್ದು ಕೂತಿತು. ಕಾಗದ ಸರಿಯಿದ್ದು ಒಳಗೆ ಸತ್ತಿರುವ ಇನ್ನೊಂದು ಪಿಕಪ್ಪು ಸಿಕ್ಕರೆ ಕೂಡಿಸಿಕೊಡುತ್ತೇನೆ ಎಂದಿದ್ದೆ. ಹುಡುಕಿದೆ. ಸಿಕ್ಕವು ಅವಳ ಕೈಗೆ ಎಟುಕಲಿಲ್ಲ. ಹೆಣ್ಣುಮಗಳನ್ನು ಪಗಾರದ ಮೇಲೆ ಡ್ರೈವರ್ ಇಟ್ಟುಕೊಳ್ಳಲು ಯಾರೂ ತಯಾರಿರಲಿಲ್ಲ. ಡ್ರೈವಿಂಗ್ ಛಲೋ ಐತಿ, ಆದರ ಮಂದಿ ಏನಂತಾರ, ಎಂದರು. ಸಂಕೇಶ್ವರದಲ್ಲಿ ಒಂದು ಖೋಲಿ ಬಾಡಿಗೆ ಹಿಡಿದು, ತಾನು ಮೊದಲು ಮಾಲು ಇಳಿಸುತ್ತಿದ್ದ ವ್ಯಾಪಾರಿಯ ಹತ್ತಿರವೇ ಮೆಣಸಿನಕಾಯಿ ಆರಿಸುವ ಕೂಲಿಗೆ ಸೇರಿದಳು. ಮಗಳ ಸಾಲಿಯ ಖರ್ಚು ಬಂದಾಗ ಒಂದು ದಿನ ಫೋನ್ ಮಾಡಿ, “ಮಾರಿಬಿಡ್ರಿ ಆಯಿ,” ಎಂದಳು. ಘಟಪ್ರಭಾದ ಒಬ್ಬ ದಲಾಲಿ ಎಲ್ಲವನ್ನೂ ಒಟ್ಟಿಗೇ ಎತ್ತಿದ. ಯಾರಿಗೆಂದು ನಾನು ಕೇಳಲಿಲ್ಲ. ಗುಜರಿಯಲ್ಲಿ ಯಾರೂ ಕೇಳುವುದಿಲ್ಲ.

ಮರುವರ್ಷದ ಬೇಸಿಗೆಯಲ್ಲಿ ರಸ್ತೆಯ ಮೇಲೆ ಕೆಟ್ಟು ನಿಂತ ಪಿಕಪ್ಪೊಂದನ್ನು ಬಾಡಿಗೆ ಡ್ರೈವರನೊಬ್ಬ ತಳ್ಳಿಸಿಕೊಂಡು ಅಂಗಡಿಗೆ ಬಂದ. ನಂಬರು ಬಸಲಿಂಗಪ್ಪನ ಗಾಡಿಯದೇ; ಮುಂದಿನ ಗಾಜಿನ ಮೇಲೆ ಹೊಸ ಹೆಸರು, ಈರಣ್ಣನ ಹೆಂಡತಿಯದಂತೆ. ದಸ್ತಗೀರ ಕೆಳಗೆ ಹೋಗಿ ಅರಿವೆಯಿಂದ ಎಣ್ಣೆ ಒರೆಸಿದ. ಆಮೇಲೆ, “ಆಯಿ, ಸ್ವಲ್ಪ ಬಗ್ಗಿ ನೋಡ್ರಿ,” ಎಂದ.

ಬಗ್ಗಿ ನೋಡಿದೆ. ಗೇರ್‌ಬಾಕ್ಸಿನ ಮೇಲೆ ‘ಕ’. ಕ್ರೌನಿನ ಗೂಡಿನ ಮೇಲೆ ‘ಕ’. ಪಂಪಿನ ಮೇಲೆ ‘ಕ’. ಎಲ್ಲವೂ ನಾವು ಮೊದಲು ಕೂರಿಸಿದ್ದ ಜಾಗದಲ್ಲಿಯೇ. ಈ ಸಲ ಕೊಂಡವರು ಅವರು, ಮಾರಿದವಳು ಅವಳು. ಯಾವ ಹಿರಿಯರೂ ಮಾತಾಡುವಂತಿರಲಿಲ್ಲ. ಸಡಿಲಾಗಿದ್ದ ಡೀಸೆಲ್ ಪೈಪನ್ನು ಬಿಗಿದು, ಮಜೂರಿ ತೆಗೆದುಕೊಂಡು ಗಾಡಿ ಕಳಿಸಿದೆ. ಇನ್ನೇನು ಮಾಡಬೇಕಿತ್ತು? ಸುತ್ತಿಗೆ ಹಾಕಬೇಕಿತ್ತೇ? ಆ ಡ್ರೈವರನೂ ಹೊಟ್ಟೆಗಾಗಿ ಬಂದವನು.

ಮುಚ್ಚಿಡುವುದು ನನಗೆ ಬರುವುದಿಲ್ಲ. ಸಂಕೇಶ್ವರಕ್ಕೆ ಹೋದಾಗ ಕಸ್ತೂರಿಗೆ ಹೇಳಿದೆ. ಅವಳು ಮೆಣಸಿನಕಾಯಿಯ ರಾಶಿಯ ಮುಂದೆ, ಮೂಗಿಗೆ ಸೆರಗು ಕಟ್ಟಿಕೊಂಡು ಕೂತಿದ್ದಳು.

“ಗೊತ್ತೈತ್ರಿ ಆಯಿ. ದಿನಾ ಮುಂಜಾನೆ ಇಲ್ಲೇ ಬರ್ತೈತಿ, ಚೀಲ ಇಳಿಸಿಕೊಳ್ಳಾಕಿ ನಾನಽ,” ಎಂದಳು. ಒಂದು ಕಾಯಿ ಆರಿಸಿ ಬದಿಗಿಟ್ಟು, “ಮೂರನೇ ಗೇರು ಹಾಕೂಮುಂದ ಕರಕರ ಅಂತೈತ್ರಿ. ಅವ್ರಿಗೆ ತಡದು ಹಾಕಾಕ ಬರೂದಿಲ್ಲ. ಹಲ್ಲ ತಿಂತಾರ,” ಎಂದಳು. ಅಷ್ಟು ಹೇಳಿ ಕಾಯಿಯ ತೊಟ್ಟು ಕೀಳುತ್ತ ಕೂತಳು.

ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ, ಮತ್ತು ತಡವಾಗಿ ಕಲಿಸಿತು. ಈಗ ಹೆಣ್ಣುಮಕ್ಕಳು ಗಾಡಿ ತಂದರೆ ನಾನು ಮೊದಲು ಆರ್‌ಸಿ ಕೇಳುತ್ತೇನೆ. ಅದರಲ್ಲಿ ಗಂಡನ, ಮಾವನ, ಅಣ್ಣನ ಹೆಸರಿದ್ದರೆ, ಬದಲಿಸಿಕೊಂಡು ಬಾ ಎಂದು ಆಫೀಸಿಗೆ ಕಳಿಸುತ್ತೇನೆ. ಅಲ್ಲಿಯವರೆಗೆ ದಸ್ತಗೀರ ಪಾನಾ ಮುಟ್ಟುವುದಿಲ್ಲ. ಕೆಲವರು ಸಿಟ್ಟಿನಿಂದ ಬೇರೆ ಗ್ಯಾರೇಜಿಗೆ ಹೋಗುತ್ತಾರೆ. ಹೋಗಲಿ. ಬಹಳ ಮಂದಿ, “ನಮ್ಮ ಮನ್ಯಾವ್ರು ಅಂಥಾವ್ರಲ್ರಿ ಆಯಿ,” ಎನ್ನುತ್ತಾರೆ.

ಖರೆ. ಯಾರ ಮನೆಯವರೂ ಅಂಥವರಲ್ಲ, ಗಾಡಿ ಚಾಲೂ ಆಗುವವರೆಗೆ.